ಡಾಲ್ಫಿನ್ ಕೊಬ್ಬಿನಲ್ಲಿ ಗುಲಾಬಿ ಚಿಕ್ಕಿ

ಹೊಸಕೋಡಿಯ ಕಡಲಿಗೆ ವಿಷ ಹಾಕುತ್ತಿರುವುದು ಒಬ್ಬಳೇ ಹೆಂಗಸು, ಅವಳು ನಮ್ಮ ಗುಲಾಬಿ ಚಿಕ್ಕಿ ಎಂದು ಚಾಡಿಪೆಟ್ಟಿಗೆ ಹೇಳಿದಾಗ ನಾನು ಅದರ ಪಕ್ಕದಲ್ಲೇ ಬಾಟಲಿ ತೊಳೆಯುತ್ತಿದ್ದೆ.

ಪೆಟ್ಟಿಗೆಗೆ ಸರಕಾರ ಇಟ್ಟ ಹೆಸರು ಉದ್ದವಾಗಿತ್ತು. ಬಂದರಿನವರು ಅದನ್ನು ಓದುವ ತೊಂದರೆ ತೆಗೆದುಕೊಳ್ಳದೆ ಚಾಡಿಪೆಟ್ಟಿಗೆ ಎಂದು ಕರೆದರು. ಅದು ಮಾಡುತ್ತಿದ್ದದ್ದೂ ಅದನ್ನೇ. ಕೆಲವು ವರ್ಷಗಳ ಹಿಂದೆ ಹೊಸ ಕಾನೂನು ಬಂದಿತ್ತು. ದೋಣಿಗೆ ಬಳಿಯುವ ಬಣ್ಣ, ಜಿರಳೆ ಔಷಧ, ತಲೆಗೆ ಹಚ್ಚುವ ಕಪ್ಪು, ಹೀಗೆ ನೀರಿಗೆ ಸೇರಿ ಕೆಡುಕು ಮಾಡುವ ಯಾವ ವಸ್ತುವನ್ನೇ ಆದರೂ ಕಾರ್ಖಾನೆಯವರು ಒಂದೊಂದು ಗುರುತಿನ ಕಣ ಅಂಟಿಸಿಯೇ ಮಾರಬೇಕು. ಕಣ್ಣಿಗೆ ಕಾಣದ ಬಾಲದಂಥದ್ದು. ಒಂದು ಪೊಟ್ಟಣದ ಬಾಲ ಇನ್ನೊಂದರಂತೆ ಇರುವುದಿಲ್ಲ. ಕೊಳ್ಳುವವರು ನೀಲಿ ಕಾರ್ಡು ಮುಟ್ಟಿಸಬೇಕು. ಯಾವ ಬಾಲ ಯಾರ ಮನೆಗೆ ಹೋಯಿತು ಎಂಬುದು ಅಲ್ಲಿಗೆ ದಾಖಲಾಯಿತು.

ಈ ಬಾಲ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ಅಲ್ಲಿ ಸಣ್ಣ ಹುಳ ಅದನ್ನು ತಿನ್ನುತ್ತದೆ, ಹುಳವನ್ನು ಬೈಗೆ ಮೀನು ತಿನ್ನುತ್ತದೆ, ಬುಟ್ಟಿಗಟ್ಟಲೆ ಬೈಗೆಯನ್ನು ಡಾಲ್ಫಿನ್ ತಿನ್ನುತ್ತದೆ. ಡಾಲ್ಫಿನ್ನಿನ ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರವಿದೆಯಲ್ಲ, ಊರಿನವರು ಚೆಲ್ಲಿದ್ದೆಲ್ಲ ಅಲ್ಲಿ ಬಂದು ಕೂರುತ್ತದೆ. ಆ ಕೊಬ್ಬನ್ನು ಉಗುರಿನಷ್ಟು ಕತ್ತರಿಸಿ, ಕರಗಿಸಿ ಪೆಟ್ಟಿಗೆಗೆ ಹಾಕಿದರೆ ಯಾವ ವಿಷ, ಎಷ್ಟು, ಯಾರ ಮನೆಯದು ಎಂದು ಮೂರನ್ನೂ ಹೇಳುತ್ತದೆ.

ಪೆಟ್ಟಿಗೆಯ ಜೊತೆ ಬಂದವರು ಡಾಕ್ಟರ್ ನೀಲಾಂಬಿಕಾ ಇಟಗಿ. ಕೊಪ್ಪಳದ ಕಡೆಯವರು. ಮೊಟ್ಟೆಯನ್ನೂ ಮುಟ್ಟಿದವರಲ್ಲ. ಅವರಿಗೆ ಹಳೇ ಮಂಜುಗಡ್ಡೆ ಕಾರ್ಖಾನೆಯ ಕಟ್ಟಡ ಕೊಟ್ಟಿದ್ದರು. ಸತ್ತು ದಡಕ್ಕೆ ಬಂದ ಡಾಲ್ಫಿನ್ನಿನ ವಾಸನೆಗೆ ಮೂಗಿಗೆ ಮುಲಾಮು ಹಚ್ಚಿಕೊಳ್ಳೋಣವೆಂದರೆ ಪೆಟ್ಟಿಗೆ ಅದನ್ನೂ ಹಿಡಿದುಬಿಡುತ್ತದೆ. ಪಾಪ, ಮೇಡಂ ಹಲ್ಲು ಕಚ್ಚಿಕೊಂಡು ಕತ್ತರಿಸುತ್ತಿದ್ದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅಮ್ಮ ಹೋದ ಮೇಲೆ ಚಿಕ್ಕಿಯ ಮನೆಯಲ್ಲಿ ಬೆಳೆದವಳು. ನನಗೆ ಬಾಟಲಿ ತೊಳೆಯುವ ಕೆಲಸ ಸಿಕ್ಕಿತ್ತು. ಮಾತಾಡಬೇಕಾಗಿಲ್ಲದ ಕೆಲಸ ಎಂದು ಖುಷಿಯಾಗಿತ್ತು.

ಆ ವಾರ ಕಡಲದಡದ ಬೇಲೆಗೆ ಬಂದು ಬಿದ್ದದ್ದು ಒಂದು ಮರಿ ಡಾಲ್ಫಿನ್. ಪೆಟ್ಟಿಗೆ ಗುಂಯ್‌ಗುಟ್ಟಿ ನಿಂತಿತು. ಮೇಡಂ ಪರದೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಸುಗಂಧಿ, ಇಲ್ಲಿ ಬಾರವಾ. ಈ ಗುಲಾಬಿ ಮೊಗವೀರ ಅನ್ನಾಕಿ ಯಾರು? ಫ್ಯಾಕ್ಟರಿ ಏನರ ಇಟ್ಟಾಳೇನು?"

"ನಮ್ಮ ಚಿಕ್ಕಿ," ಎಂದೆ.

"ಏನಂದಿ?"

"ಚಿಕ್ಕಿ. ಒಣಮೀನು ಮಾರ್ತ್ರ್."

"ಒಣಮೀನ? ದೋಣಿ ತಳದ ಬಣ್ಣ ಇಕಿದ ಹೆಸರಲ್ಲೇ ಅದ. ಕೂದಲಿಗೆ ಹಚ್ಚೂ ಕಪ್ಪು ಇಕಿದು. ಮಾರಿ ಬೆಳ್ಳಗ ಮಾಡೂ ಕ್ರೀಮು ಇಕಿದು. ಜಿರಳಿ ಔಷಧ, ನೆಲದ ಪಾಲಿಶು, ನೊಣದ ಪುಡಿ, ಎಲ್ಲಾ ಇಕಿದ! ಇಕಿ ಒಬ್ಬಾಕಿ ಮನಷ್ಯಾಳೋ, ಇಡೀ ತಾಲ್ಲೂಕೋ?"

ನನಗೆ ತಕ್ಷಣ ಅರ್ಥವಾಯಿತು. ಅರ್ಥವಾಗಲು ಬುದ್ಧಿಯೇನೂ ಬೇಕಿರಲಿಲ್ಲ, ಹೊಸಕೋಡಿಯಲ್ಲಿ ಹುಟ್ಟಿದ್ದರೆ ಸಾಕಿತ್ತು. ಚಿಕ್ಕಿ ಮೀನುಗಾರ ಮಹಿಳೆಯರ ಸಂಘದ ಅಧ್ಯಕ್ಷೆ. ಅಧ್ಯಕ್ಷೆಯ ಕಾರ್ಡಿಗೆ ಸೊಸೈಟಿ ಅಂಗಡಿಯಲ್ಲಿ ರಿಯಾಯಿತಿ ಉಂಟು. ಮೊದಲು ಅಕ್ಕಪಕ್ಕದವರು ಬಂದು ಕಾರ್ಡು ಕೇಳುತ್ತಿದ್ದರು. ಆಮೇಲೆ ಕೇರಿಯವರೆಲ್ಲ ಬರತೊಡಗಿದರು. ಕೊಟ್ಟು ಕೊಟ್ಟು ಬೇಜಾರಾಗಿ ಚಿಕ್ಕಿ ಅದಕ್ಕೊಂದು ತೂತು ಮಾಡಿ, ಬಲೆಯ ದಾರ ಪೋಣಿಸಿ ಅಂಗಡಿಯ ಕಟಕಟೆಗೇ ಕಟ್ಟಿಬಂದಳು. ಅಲ್ಲಿಂದ ಮುಂದೆ ಊರಿಗೆ ಊರೇ ಗುಲಾಬಿ ಮೊಗವೀರ ಆಗಿ ಸಾಮಾನು ಕೊಂಡಿತು. ತಮ್ಮ ಕಾರ್ಡು ತಂದವರನ್ನು ಅಂಗಡಿಯವನೇ "ಇದೆಂತಕ್ಕೆ? ಅಲ್ಲಿ ನೇತಾಡ್ತಾ ಇತ್ತಲೆ" ಎಂದು ಗದರುತ್ತಿದ್ದ.

ಇದನ್ನು ಮೇಡಂಗೆ ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಹೇಳಿದರೆ ಎಲ್ಲವೂ ಅವರವರ ಮನೆಗೆ ಹೋಗುತ್ತದೆ, ಚಿಕ್ಕಿಯ ಹತ್ತಿರ ಒಂದೇ ಉಳಿಯುತ್ತದೆ. ಆ ಒಂದನ್ನು ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಬಿಸ್ಕತ್ತಿನ ಹಳೇ ಡಬ್ಬಿಯಿಂದ ಚಿಟಿಕೆ ಚಿಟಿಕೆ ಬಿಳಿ ಪುಡಿ ತೆಗೆದು ರಂಗೋಲಿ ಹಾಕಿದ ಹಾಗೆ ಚಿಕ್ಕಿ ಮೀನಿನ ಮೇಲೆ ಉದುರಿಸುತ್ತಿದ್ದಳು. ಅವಳ ಮೀನಿಗೆ ನೊಣ ಕೂರುವುದಿಲ್ಲ ಎಂದು ಕುಂದಾಪುರದವರೆಗೂ ಹೆಸರು. ಜನ ಅದನ್ನು ಕೈಗುಣ ಎಂದುಕೊಂಡಿದ್ದರು.

ಹೋಗುವುದು ಹೆಸರೊಂದೇ ಆಗಿದ್ದರೆ ಪರವಾಗಿರಲಿಲ್ಲ. ಡಾಲ್ಫಿನ್ನಿನಲ್ಲಿ ಯಾರ ಹೆಸರು ಎಲ್ಲರಿಗಿಂತ ಮೇಲೆ ಬರುತ್ತದೋ ಅವರ ಮೀನು ಒಣಗಿಸುವ ಕಟ್ಟೆಯನ್ನು ಒಂದು ವರ್ಷ ಕಿತ್ತುಕೊಳ್ಳಬೇಕು ಎಂದು ಬಂದರು ಸಮಿತಿಯ ನಿಯಮ. ಚಿಕ್ಕಿಯ ಕಟ್ಟೆ ಬಸ್ಸು ನಿಲ್ಲುವ ತಿರುವಿನಲ್ಲೇ ಇತ್ತು. ಬಸ್ಸಿನ ಕಿಟಕಿಯಿಂದಲೇ ವ್ಯಾಪಾರ ಮುಗಿಯುತ್ತಿತ್ತು. ಆ ಕಟ್ಟೆಯಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹೇಳಿದೆ. ಚಿಕ್ಕಿ ಗಂಜಿ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಕ್ಕಳು.

"ನಾನಾ? ಕಡ್ಲಿಗೆ ವಿಷ ಹಾಕುದಾ? ನಂಗೆ ಒಂದ್ ಬಾಲ್ದಿ ನೀರ್ ಎತ್ತುಕೆ ಎಡಿತಿಲ್ಲೆ! ಆ ಪೆಟ್ಗಿಗೆ ಮಂಡೆ ಸಮ ಇಲ್ಲೆ, ಕಾಣ್."

"ದೋಣಿ ಬಣ್ಣ ನಿನ್ ಹೆಸ್ರಲ್ಲಿ ಬಂದಿತ್ತ್."

"ನಂಗೆ ದೋಣಿಯೇ ಇಲ್ಲೆ ಹೆಣೆ."

"ಮುಖಕ್ಕೆ ಹಾಕು ಕ್ರೀಮೂ."

"ಈ ಮುಖಕ್ಕಾ?" ಚಿಕ್ಕಿ ಗೋಡೆಯ ಕನ್ನಡಿಯಲ್ಲಿ ಇಣುಕಿದಳು. "ಹಾಂಗಾರೆ ಕಂಪ್ನಿಯವ್ರ ಮೇಲೆ ಕೇಸ್ ಹಾಕುಕಾತ್ತ್."

ಆಮೇಲೆ ಗಂಜಿಗೆ ಉಪ್ಪಿನಕಾಯಿ ಹಾಕುತ್ತಾ, ನನ್ನ ಮುಖ ನೋಡದೆ ಕೇಳಿದಳು. "ಡಬ್ಬಿದ್ ಬಂತಾ?"

"ಬಂದಿತ್ತ್. ಎಲ್ಲದ್ಕಿಂತ ಜಾಸ್ತಿ ಅದೇ."

ಉಪ್ಪಿನಕಾಯಿ ಭರಣಿಯ ಮುಚ್ಚಳ ಹಾಕಿದಳು. "ಇರ್ಲಿ. ಅಷ್ಟ್ ಸಾಮಾನಿನ ಎಡೆಗೆ ಅದೊಂದ್ ಯಾರಿಗ್ ಗೊತ್ತಾತ್ತ್? ಕಾರ್ಡ್ ನಂದಾರೂ ಖರ್ಚು ಊರಿಂದು ಅಂದ್ರೆ ಮುಗೀತ್. ನೀ ಬಾಯ್ ಬಿಡ್ಬೇಡ."

ಬಾಯಿ ಬಿಡಬೇಡ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಮರುದಿನ ಮೀನು ಹರಾಜಿನ ಚಪ್ಪರದ ಕೆಳಗೆ ಸಭೆ ಸೇರಿದಾಗ ಮೈಕಿನ ಮುಂದೆ ನನ್ನನ್ನೇ ನಿಲ್ಲಿಸಿದರು. ಮೇಡಂ ಓದಿದ್ದರೆ ಅವರ ಕನ್ನಡ ಬಂದರಿನವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ಉಳಿದರ್ಧಕ್ಕೆ ಜನ ನಗುತ್ತಿದ್ದರು. ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದೆ. ಓದತೊಡಗಿದೆ.

"ಹೆಣೆ," ಹಿಂದಿನಿಂದ ತಾಂಡೇಲ ಬಾಬಣ್ಣ ಕೂಗಿದ. ದೋಣಿ ನಡೆಸುವ ಅವನ ಗಂಟಲಿಗೆ ಮೈಕೇ ಬೇಡ. "ಮೈಕಲ್ಲಿ ಓದ್ತಿದ್ಯಾ, ಮೈಕಿನ ಕೆಮಿಗೆ ಗುಟ್ಟ್ ಹೇಳ್ತಿದ್ಯಾ?"

ಎಲ್ಲರೂ ನಕ್ಕರು. ನಾನು ಹಾಳೆಯಿಂದ ಕಣ್ಣೆತ್ತದೆ ಒಂದೊಂದನ್ನೇ ಓದಿ ಮುಗಿಸಿದೆ. ಪ್ರತಿಯೊಂದರ ಮುಂದೂ ಗುಲಾಬಿ ಮೊಗವೀರ, ಗುಲಾಬಿ ಮೊಗವೀರ. ಕೊನೆಕೊನೆಗೆ ಮಕ್ಕಳು ನನ್ನೊಟ್ಟಿಗೆ ರಾಗವಾಗಿ ಹೇಳತೊಡಗಿದ್ದರು.

ಸಮಿತಿಯ ಅಧ್ಯಕ್ಷ ಶೇಷಪ್ಪಣ್ಣ ಎದ್ದು ನಿಂತರು. ಎರಡು ಟ್ರಾಲ್ ಬೋಟುಗಳ ಯಜಮಾನರು, ಮೊಮ್ಮಗು ಬರುವ ವಯಸ್ಸು, ಆದರೆ ತಲೆಯೂ ಮೀಸೆಯೂ ಕಾಗೆಯಷ್ಟು ಕಪ್ಪು. ಅವರ ಸೊಸೆ ವಿನುತಕ್ಕನಿಗೆ ತಿರುವಿನ ಕಟ್ಟೆ ಕೊಡಿಸಬೇಕೆಂದು ಅವರು ಬಹಳ ದಿನದಿಂದ ಕಾಯುತ್ತಿದ್ದರು. ತುಂಬು ಬಸುರಿ ವಿನುತಕ್ಕ ಮುಂದಿನ ಸಾಲಿನಲ್ಲೇ ಕುರ್ಚಿಯಲ್ಲಿ ಕೂತಿದ್ದಳು.

"ನಿಯಮ ಅಂದ್ರೆ ನಿಯಮ," ಎಂದರು ಶೇಷಪ್ಪಣ್ಣ. "ಗುಲಾಬಿ ನಮ್ ಮನೆಯವ್ಳ್ ಇದ್ದಾಂಗೆ. ಆರೆ ಎಂತ ಮಾಡುದ್? ವಿಜ್ಞಾನವೇ ಹೇಳ್ತ್. ಕಟ್ಟೆ ಬಿಡ್ಕ್."

ಚಿಕ್ಕಿ ಎದ್ದಳು. ಬಿಸಿಲಿಗೆ ತಲೆಗೆ ಸುತ್ತಿದ್ದ ವಸ್ತ್ರವನ್ನು ನಿಧಾನವಾಗಿ ಬಿಚ್ಚಿದಳು. ಅವಳ ಕೂದಲು ಪೂರ್ತಿ ಬೆಳ್ಳಗಿತ್ತು.

"ಶೇಷಪ್ಪಣ್ಣ, ತಲೆ ಕಪ್ಪು ನನ್ ಹೆಸ್ರಲ್ಲ್ ಇತ್ತಂಬ್ರಲೆ. ಇದ್ ಕಪ್ಪಾ?"

ಚಪ್ಪರದ ಕೆಳಗಿದ್ದ ತಲೆಗಳೆಲ್ಲ, ಒಂದೇ ದಾರ ಎಳೆದ ಹಾಗೆ, ಶೇಷಪ್ಪಣ್ಣನ ಕಡೆ ತಿರುಗಿದವು. ಮೇಡಂಗೆ ಊರಿನ ರಾಜಕೀಯ ಗೊತ್ತಿರಲಿಲ್ಲ. ಸಹಾಯ ಮಾಡಲೆಂದು ಪಾಪ, ಎದ್ದು ಹೇಳಿದರು. "ಅದು ತಲಿದಲ್ರೀ. ಗಂಡಸರ ಮೀಸಿಗೆ ಅಂತ ಬ್ಯಾರೇ ಬರ್ತದಲ್ಲ, ಅದು."

ಬಾಬಣ್ಣ ನಕ್ಕ ನಗೆಗೆ ಚಪ್ಪರದ ತಗಡಿನ ಮೇಲಿದ್ದ ಕಾಗೆಗಳು ಹಾರಿಹೋದವು.

ಶೇಷಪ್ಪಣ್ಣ ಮೀಸೆಯ ಮೇಲೆ ಕೈ ಇಟ್ಟುಕೊಂಡು, "ಕಾರ್ಡ್ ಅಲ್ಲಿ ನೇತಾಡ್ತಿತ್ತ್..." ಎಂದರು. ಅಷ್ಟು ಸಾಕಾಯಿತು.

"ಬಾಬಣ್ಣ, ನೀ ಎಂತಕ್ಕೆ ನೆಗಾಡುದ್?" ಚಿಕ್ಕಿ ಅತ್ತ ತಿರುಗಿದಳು. "ಮುಖದ ಕ್ರೀಮ್ ಯಾರದ್ದ್? ಅಂಗ್ಡಿಯವ ನಂಗೆ ಹೇಳ್ಲಿಲ್ಲ ಅಂದ್ಕಂಡ್ಯಾ?"

ಬಾಬಣ್ಣನ ನಗು ನಿಂತಿತು. ಮೂವತ್ತು ಬೇಸಿಗೆ ಕಡಲಲ್ಲಿ ಸುಟ್ಟ ಅವನ ಮುಖದಲ್ಲಿ ಬಿಳುಪು ಎಂಬುದು ಹಲ್ಲಿನಲ್ಲಿ ಮಾತ್ರ ಇತ್ತು. "ಬಿಸ್ಲಿಗೆ ಒಳ್ಳೇದ್ ಅಂಬ್ರು," ಎಂದ. ಅವನಿಂದ ಅಷ್ಟು ಸಣ್ಣ ದನಿ ಬರಬಹುದು ಎಂದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಕೆರೆಯ ಕಟ್ಟೆ ಒಡೆದಂತಾಯಿತು. ನಾಚಿಕೆ ಒಬ್ಬರದೇ ಆಗಿದ್ದರೆ ಭಾರ, ಊರಿಗೆ ಹಂಚಿದರೆ ಯಾರಿಗೂ ಭಾರವಿಲ್ಲ. ದೋಣಿ ಬಣ್ಣ ತಮ್ಮದೆಂದು ನಾಲ್ಕೈದು ಜನ ಎದ್ದರು. ಅವರವರಲ್ಲೇ ಜಗಳ ಶುರುವಾಯಿತು.

"ಅರ್ಧ ನನ್ ಬೋಟಿಂದೇ!"

"ನಿಂದ್ ಎಂತ ಬೋಟ್ ಮಾರಾಯಾ, ಅದ್ಕೆ ಒಂದ್ ಡಬ್ಬಿ ಬಳಿದ್ರೆ ಉಳಿತ್ತ್. ನಂದ್ ಬರ್ಕಣಿ ಮೇಡಂ, ಆ ಮರಿ ಹೊಟ್ಟೆಯಗ್ ಇಪ್ಪುದೆಲ್ಲ ನಂದೇ."

ನೆಲದ ಪಾಲಿಶು ಭಜನಾ ಮಂದಿರದ್ದೆಂದು ಗೊತ್ತಾಯಿತು. ಜಿರಳೆ ಔಷಧದ ಹೆಸರು ಬಂದಾಗ ಹೋಟೆಲಿನವನು ಎದ್ದು, ತನ್ನ ಹೋಟೆಲಿನಲ್ಲಿ ಜಿರಳೆಯೇ ಇಲ್ಲ ಎಂದ. "ಅದ್ಕೇ ಇಲ್ಲದ್!" ಎಂದು ಯಾರೋ ಕೂಗಿದರು. ಮೇಡಂ ಬರೆದುಕೊಂಡು ಸುಸ್ತಾದರು. ಒಂದೊಂದಾಗಿ ಎಲ್ಲವೂ ಚಿಕ್ಕಿಯ ಹೆಸರಿನಿಂದ ಕಳಚಿ ಹೋದವು.

"ಇನ್ನ ಒಂದ ಉಳೀತು," ಎಂದರು ಮೇಡಂ. "ನೊಣದ ಪುಡಿ. ಈ ಮರಿಯೊಳಗ ಎಲ್ಲಾದಕ್ಕಿಂತ ಹೆಚ್ಚಿಗಿ ಅದ ಅದ. ಇದು ಯಾರದು?"

ಯಾರೂ ಮೇಲೇಳಲಿಲ್ಲ. ನೊಣ ಕೂರದ ಮೀನು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಕೈಗುಣ ಯಾವ ಡಬ್ಬಿಯಲ್ಲಿತ್ತು ಎಂಬುದು ಆಗಷ್ಟೇ ಹೊಳೆಯುತ್ತಿತ್ತು.

ಬಾಬಣ್ಣ ಎದ್ದ. "ಅದೂ ನಂದೇ ಅಂದ್ ಬರ್ಕಣಿ. ನಂಗೆ ಕಟ್ಟೆಯೇ ಇಲ್ಲೆ, ಎಂತದ್ ಕಿತ್ಕಂತ್ರಿ? ಹ್ಯಾಂಗೂ ಮರ್ಯಾದಿ ಹೋಯ್ತ್, ಇನ್ನೊಂದ್ ಹೋಯ್ಲಿ."

ಒಳ್ಳೆಯ ದಾರಿಯೇ. ಶೇಷಪ್ಪಣ್ಣನೂ ವಿರೋಧಿಸುವ ಸ್ಥಿತಿಯಲ್ಲಿರಲಿಲ್ಲ, ಕೈ ಇನ್ನೂ ಮೀಸೆಯ ಮೇಲೇ ಇತ್ತು. ನಾನು ಚಿಕ್ಕಿಯನ್ನೇ ನೋಡುತ್ತಿದ್ದೆ. ಅವಳು ತಲೆವಸ್ತ್ರವನ್ನು ಮತ್ತೆ ಸುತ್ತಿಕೊಳ್ಳುತ್ತಿದ್ದಳು, ಮುಗಿಯಿತು ಎನ್ನುವ ಹಾಗೆ.

ಅಷ್ಟರಲ್ಲಿ ಮುಂದಿನ ಸಾಲಿನ ವಿನುತಕ್ಕ ಕೇಳಿದಳು. "ಮೇಡಂ, ಮರಿ ಅಂದ್ರಿ. ಅದ್ ಇನ್ನೂ ಮೀನ್ ತಿಂಬುಕೇ ಶುರು ಮಾಡಿಲ್ಲೆ ಕಾಣತ್ತ್. ಅದ್ರ ಮೈಯಗೆ ಹ್ಯಾಂಗೆ ಬಂತ್?"

"ಹಾಲಿನಾಗ," ಎಂದರು ಮೇಡಂ. "ತಾಯಿ ಹುಟ್ಟಿದಾಗಿಂದ ಕೂಡಿಸಿದ್ದು ಕೊಬ್ಬಿನಾಗ ಇರ್ತದ. ಮದಲನೇ ಮರಿಗೆ ಹಾಲು ಕುಡಿಸೂವಾಗ ಅದರಾಗಿಂದು ಭಾಳಷ್ಟು ಹಾಲಿನ ಗುಂಟ ಮರಿಗೆ ಹೋಗ್ತದ. ತಾಯಿ ಹಗೂರ ಆಗ್ತಾಳ, ಮರಿಗೆ ಭಾರ ಆಗ್ತದ. ಪಾಪ, ಅದಕ್ಕೇನು ಗೊತ್ತು, ಅದು ಹಾಲು ಕೊಟ್ಟೀನಿ ಅಂತ ತಿಳದಿರ್ತದ."

ಚಿಕ್ಕಿಯ ಕೈ ವಸ್ತ್ರದ ಗಂಟಿನಲ್ಲೇ ನಿಂತಿತು. ಅವಳು ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಮೈಕಿನ ಮುಂದೆ ನಿಂತದ್ದಕ್ಕಿಂತ ಆಗಲೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಬಾಬಣ್ಣ, ಕೂಕೋ," ಎಂದಳು. "ಅದ್ ನಂದ್. ನಾನೇ ಹಾಕುದ್, ದಿನಾ. ಮಾರುಕೊಂದು ತಿಂಬುಕೊಂದು ಅಂತ ಬೇರೆ ಇಟ್ಟವ್ಳಲ್ಲ ನಾನ್. ಮನೆಗೂ ಅದೇ ಮೀನ್. ಈ ಹೆಣ್ಣಿಗೂ ಅದನ್ನೇ ತಿನ್ಸಿ ಸಾಕಿದ್ದ್." ವಸ್ತ್ರದ ಗಂಟನ್ನು ಎಳೆದು ಬಿಗಿದಳು. "ಕಟ್ಟೆ ತಕಣಿ. ಮೇಡಂ, ನೀವ್ ಇವ್ಳನ್ ಪರೀಕ್ಷೆ ಮಾಡಿ."

"ಏನ್ರೀ? ಪೆಟ್ಟಿಗಿ ಡಾಲ್ಫಿನ್‌ದು! ಮನಷ್ಯಾರಿಗಲ್ಲ!"

"ಡಾಲ್ಫಿನ್ನೂ ಮೀನೇ ತಿಂಬುದ್, ಇವ್ಳೂ ಮೀನೇ ತಿಂಬುದ್. ಎಂತ ವ್ಯತ್ಯಾಸ? ಇವ್ಳ್ ಅದ್ರಷ್ಟೂ ಮಾತಾಡುದಿಲ್ಲೆ."

ನನ್ನನ್ನು ಯಾರೂ ಕೇಳಲಿಲ್ಲ. ಮಂಜುಗಡ್ಡೆ ಕಟ್ಟಡಕ್ಕೆ ಆಸ್ಪತ್ರೆಯ ನರ್ಸಮ್ಮನನ್ನು ಕರೆಸಿದರು. ಸೊಂಟದ ಹತ್ತಿರ ಚುಚ್ಚಿ ಸಾಸಿವೆಯಷ್ಟು ಕೊಬ್ಬು ತೆಗೆದರು. ನಾನು ಕೂಗಿದ್ದು ಬಸ್ಸಿನ ತಿರುವಿನವರೆಗೆ ಕೇಳಿಸಿತಂತೆ. "ಇಷ್ಟ್ ದೊಡ್ಡ ಸ್ವರ ಇತ್ತಾ ನಿಂಗೆ?" ಎಂದು ಚಿಕ್ಕಿ ಆ ಹೊತ್ತಿನಲ್ಲೂ ಕೇಳಿದಳು.

ಪೆಟ್ಟಿಗೆ ಗುಂಯ್‌ಗುಟ್ಟಿತು. ಚಿಕ್ಕಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಹೆದರಬ್ಯಾಡ್ರಿ," ಎಂದರು ಮೇಡಂ. "ನೊಣದ ಪುಡಿ ಅದ. ಆದ್ರ ಮರಿಯೊಳಗ ಇದ್ದಷ್ಟಿಲ್ಲ, ಭಾಳ ಕಡಿಮಿ. ಇನ್ನ ಮ್ಯಾಲ ಹೋಗದಂಗ ನೋಡಿಕೋಬೇಕು, ಅಷ್ಟ." ಮತ್ತೆ ಪರದೆಯತ್ತ ಬಗ್ಗಿದರು. "ಇದೇನವಾ? ಮೀಸಿ ಕಪ್ಪೂ ಅದ. ದೋಣಿ ಬಣ್ಣ. ಮಾರಿ ಕ್ರೀಮು. ಭಜನಾ ಮಂದಿರದ ಪಾಲಿಶು!"

ನಾನು ಹಚ್ಚಿದ್ದು ಒಂದೂ ಅಲ್ಲ. ಎಲ್ಲ ಬೈಗೆ ಮೀನಿನ ಹೊಟ್ಟೆಯಿಂದ ನನ್ನ ಹೊಟ್ಟೆಗೆ ಬಂದದ್ದು. ಹೊಸಕೋಡಿಯ ಪ್ರತಿಯೊಬ್ಬರೂ ಚೂರುಚೂರು ನನ್ನ ಸೊಂಟದಲ್ಲಿ ಕೂತಿದ್ದರು. ಕಾರ್ಡಿನ ಲೆಕ್ಕದಲ್ಲಿ ಅಷ್ಟೂ ಗುಲಾಬಿ ಮೊಗವೀರ ಎಂದೇ ಇತ್ತು.

"ಪೆಟ್ಟಿಗಿ ಪ್ರಕಾರ ಈ ಹುಡಿಗಿ ಪೂರ್ತಿ ನಿಮ್ಮಾಕಿ," ಎಂದು ಮೇಡಂ ನಕ್ಕರು.

ಚಿಕ್ಕಿ ನಗಲಿಲ್ಲ. "ಇದನ್ನೂ ಮೈಕಲ್ಲಿ ಓದ್," ಎಂದಳು ನನಗೆ. "ಮೀನಿಂದ್ ಓದುದಾರೆ ಮನ್ಷರದ್ದೂ ಓದ್ಕ್."

ಓದಿದೆ. ಶೇಷಪ್ಪಣ್ಣನ ಮೀಸೆ ನನ್ನೊಳಗಿದೆ, ಬಾಬಣ್ಣನ ಕ್ರೀಮು ನನ್ನೊಳಗಿದೆ ಎಂದು ಹೆಸರು ಹಿಡಿದೇ ಓದಿದೆ. ಮೊದಮೊದಲು ಜನ ನಕ್ಕರು. ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಸೊಂಟ ಮುಟ್ಟಿ ನೋಡಿಕೊಂಡರು. ಜೋರಾಗಿ ಓದು ಎಂದು ಯಾರೂ ಹೇಳಲಿಲ್ಲ.

ನಿಯಮದಂತೆ ಕಟ್ಟೆ ವಿನುತಕ್ಕನ ಪಾಲಿಗೆ ಹೋಯಿತು. ಚಿಕ್ಕಿ ಬುಟ್ಟಿ ಎತ್ತಿಕೊಂಡು ಹಿಂದಿನ ಮರಳಿಗೆ ನಡೆದಳು. ಪುಡಿಯಿಲ್ಲದ ಮೀನಿಗೆ ಊರಿನ ನೊಣವೆಲ್ಲ ಬಂದು ಮುತ್ತಿತು. ಹರಿದ ಸೊಳ್ಳೆಪರದೆ ಹೊಲಿದು ಮೇಲೆ ಹಾಸಿದಳು. ನೊಣ ಹೊರಗೆ ಉಳಿಯುವ ಬದಲು ಒಳಗೆ ಸಿಕ್ಕಿಕೊಂಡು ಅಲ್ಲೇ ಸಂಸಾರ ಹೂಡಿತು. ಚಿಕ್ಕಿಯ ಬೈಗುಳ ಕೇಳಲೆಂದೇ ಕೆಲವರು ಅತ್ತ ಹಾದುಹೋಗುತ್ತಿದ್ದರು. ಮೀನು ಕೊಳ್ಳುವವರು ಮಾತ್ರ ಕಡಿಮೆ.

ಒಂದು ದಿನ ಮಧ್ಯಾಹ್ನ ಚಿಕ್ಕಿ ನನಗೆ ಬುತ್ತಿ ತಂದು ಬಾಗಿಲಲ್ಲಿ ಕೂತಿದ್ದಳು. ಒಳಗೆ ನರ್ಸಮ್ಮ ಮೇಡಂ ಜೊತೆ ಚಹಾ ಕುಡಿಯುತ್ತಿದ್ದರು. ವಿನುತಕ್ಕ ಬಂದಳು, ಅವಳ ಹಿಂದೆ ಯಾರೋ ಗಂಡಸು.

"ಎಂತ ಬೇಕಿತ್ತ್?" ಎಂದು ಅವರನ್ನು ಕೇಳಿದೆ. ಅವರು ಕೆಮ್ಮಿದಾಗಲೇ ಅದು ಶೇಷಪ್ಪಣ್ಣ ಎಂದು ತಿಳಿದದ್ದು. ಮೀಸೆಯನ್ನು ಬುಡಸಮೇತ ಬೋಳಿಸಿದ್ದರು. ಮುಖ ಹೊಸದಾಗಿ ಹುಟ್ಟಿದ ಹಾಗಿತ್ತು.

"ನಿನ್ನೊಳ್ಗೆ ಅಷ್ಟ್ ಇದ್ರೆ," ಎಂದರು, ನನ್ನನ್ನಲ್ಲ, ನೆಲವನ್ನು ನೋಡಿ, "ನಮ್ಮ್ ವಿನುತನೊಳ್ಗೂ ಇರತ್ತ್ ಅಲ್ದಾ? ಅದ್ ಹ್ಯಾಂಗೆ ಹೋಪುದ್, ಕೇಳ್ ಹೆಣೆ."

ಮೇಡಂ ಹೇಳಿದ್ದನ್ನು ನಾನೇ ಅವರಿಗೆ ತಿಳಿಸಬೇಕಾಯಿತು. ಹೊಟ್ಟೆಯಲ್ಲಿರುವ ಮೊದಲನೇ ಮಗುವಿನ ವಿಷಯ, ಹಾಲಿನ ವಿಷಯ, ಅದನ್ನೂ ಶೇಷಪ್ಪಣ್ಣನಿಗೆ. ಕಿವಿ ಬಿಸಿಯಾಗಿತ್ತು. ಹೆದರಿ ಹಾಲು ಬಿಡಿಸಬಾರದು, ತಾಯಿಹಾಲಿಗಿಂತ ಒಳ್ಳೆಯದು ಬೇರೆ ಇಲ್ಲ, ಇನ್ನು ಮೇಲೆ ಒಳಗೆ ಹೋಗುವುದನ್ನು ನಿಲ್ಲಿಸಬೇಕು ಎಂದು ಎರಡೆರಡು ಸಲ ಹೇಳಿದೆ.

ವಿನುತಕ್ಕ ಬಾಗಿಲ ಕಡೆ ತಿರುಗಿದಳು. "ಗುಲಾಬಕ್ಕ, ಆ ಕಟ್ಟೆ ನಂಗೊಬ್ಳಿಗೆ ಬ್ಯಾಡ. ಪುಡಿ ಹಾಕ್ದೆ ಒಣಗ್ಸುಕೆ ನಂಗ್ ಬತ್ತಿಲ್ಲೆ."

"ನಂಗೂ ಬತ್ತಿಲ್ಲೆ," ಎಂದಳು ಚಿಕ್ಕಿ.

"ಹಾಂಗಾರೆ ಅರ್ಧರ್ಧ ಕೂಕಂಬ. ಒಬ್ರ್ ಮಗು ಹಿಡ್ಕಂಬುದ್, ಒಬ್ರ್ ನೊಣ ಓಡ್ಸುದ್."

ಶೇಷಪ್ಪಣ್ಣ ಅಭ್ಯಾಸಬಲದಿಂದ ಮೀಸೆ ತಿರುವಲು ಹೋಗಿ, ಅದು ಇಲ್ಲದ್ದು ನೆನಪಾಗಿ, ಮೂಗು ಉಜ್ಜಿಕೊಂಡು, "ನಿಯಮದಲ್ಲಿ ಅರ್ಧ ಕೊಡುಕಾಗ ಅಂತೇನ್ ಇಲ್ಲೆ," ಎಂದರು.

ಚಿ​ಕ್ಕಿ ಬುತ್ತಿಯ ಮುಚ್ಚಳವನ್ನು ತೆರೆದು, ಮುಚ್ಚಿ, ಮತ್ತೆ ತೆರೆದಳು. "ನೊಣ ಓಡ್ಸುದ್ ನಾನಲ್ಲ. ಮಗು ನಂಗ್ ಕೊಡ್ಕ್," ಎಂದಳು.

ವಿನುತಕ್ಕನ ಪರೀಕ್ಷೆಗೆಂದು ನರ್ಸಮ್ಮ ಚೀಲದಿಂದ ಸೂಜಿ ತೆಗೆದರು. ವಿನುತಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ನೋಯತ್ತಾ ಸುಗಂಧಿ?" ಎಂದಳು.

"ಇಲ್ಲೆ, ಎಂತದೂ ಇಲ್ಲೆ," ಎಂದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ. ಪೆಟ್ಟಿಗೆಗೆ ಎಲ್ಲ ತಿಳಿಯುತ್ತದೆ, ನಿಜ. ಆದರೆ ಅಂಥ ಸುಳ್ಳನ್ನು ಅದು ಹಿಡಿಯಲಾರದು.